ಆಂಟಿ ಒರೆಸಿದ ಬೂದಿ

ನಮ್ಮ ಧರ್ಮದ ಬಗ್ಗೆ ಯಾರಾದರೂ ಕೇಳಿದರೆ ಸರಿಯಾಗಿ ಹೇಳೋಕೆ ಬರಬೇಕು ಅಂತ ಫಾದರ್ ಆಗಾಗ ಹೇಳುತ್ತಾರೆ. ನಾನೂ ತಯಾರಾಗಿಯೇ ಇದ್ದೇನೆ. ದೇವರು ಒಬ್ಬನೇ ಆದರೂ ಮೂವರು ಹೇಗೆ ಅನ್ನೋದಕ್ಕೆ ಐದು ನಿಮಿಷದ ಭಾಷಣವೇ ಇದೆ. ಆದರೆ ಬೆಂಗಳೂರಿನ ವಿವೇಕನಗರದ ಈ ಮನೆಗೆ ಬಂದಾಗಿನಿಂದ ಅದನ್ನು ಒಬ್ಬರೂ ಕೇಳಿಲ್ಲ. ಕೇಳೋದು ಒಂದೇ, "ಕೇಕಿಗೆ ಮೊಟ್ಟೆ ಹಾಕಿದ್ದೀರಾ?"

2024ರಲ್ಲಿ ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಿತ್ತು. ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು, ಮಣ್ಣಿಂದ ಬಂದವನು ಮಣ್ಣಿಗೇ ಹೋಗೋದು ಅಂತ ಗಂಭೀರವಾಗಿ ಯೋಚಿಸುತ್ತಾ ಗೇಟು ತೆಗೆದೆ. ಕೆಳಗಿನ ಮನೆಯ ಓನರ್ ಆಂಟಿ ರಂಗೋಲಿ ಬಿಟ್ಟು ಎದ್ದರು.

"ಅಯ್ಯೋ, ಮುಖಕ್ಕೆಲ್ಲಾ ಮಸಿ ಮೆತ್ಕೊಂಡಿದ್ದೀಯಲ್ಲೋ!"

ನಾನು ಬಾಯಿ ತೆಗೆಯೋ ಮೊದಲೇ ಸೆರಗಿನ ತುದಿ ಬಕೆಟ್ಟಿಗೆ ಅದ್ದಿ ಒರೆಸಿಯೇ ಬಿಟ್ಟರು. ಎರಡೇ ಎಳೆತ. ಮಣ್ಣಿಗೆ ಹೋಗಬೇಕಾದದ್ದು ಸೆರಗಿಗೆ ಹೋಯಿತು.

ಆಮೇಲೆ ವಿವರಿಸಿದೆ. ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಇದು. ಇವತ್ತಿಂದ ಈಸ್ಟರ್‌ವರೆಗೆ ನಲವತ್ತು ದಿನ ತಪಸ್ಸು ಕಾಲ. ಕೊನೆಗೂ ಅವಕಾಶ ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿ. ಆಂಟಿ ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರ್ ಹಿಡಿದುಕೊಂಡೇ ಬಂದರು.

"ಈಸ್ಟರ್ ಮಾರ್ಚ್ 31. ನಲವತ್ತಾರು ದಿನ ಆಗುತ್ತಲ್ಲೋ. ನಿಮ್ಮೋರಿಗೆ ಲೆಕ್ಕ ಬರಲ್ವಾ?"

"ಭಾನುವಾರ ಯೇಸು ಎದ್ದುಬಂದ ದಿನ ಆಂಟಿ, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ."

"ಹಂಗಾದ್ರೆ ಭಾನುವಾರ ಚಿಕನ್ನು?"

ಈ ಪ್ರಶ್ನೆಗೆ ನಮ್ಮ ಮನೆಯಲ್ಲೇ ಇನ್ನೂ ಒಮ್ಮತ ಇಲ್ಲ. ಸುಮ್ನೆ ನಕ್ಕೆ. ಶಿವರಾತ್ರಿಗೆ ತಮ್ಮದು ಒಂದೇ ದಿನ, ಆದರೆ ಪಕ್ಕಾ ಉಪವಾಸ ಅಂದರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಆಂಟಿ ಸೆರಗು ನೋಡಿಕೊಂಡು ಸಪ್ಪಗಾದರು.

"ದೇವರದ್ದು ಅಂತ ಗೊತ್ತಾಗಿದ್ರೆ ಮುಟ್ತಿದ್ನಾ? ನಿಮ್ಮ ಬಾಲಯೇಸುಗೆ ನಾನೂ ಒಂಬತ್ತು ಗುರುವಾರ ಮೇಣದಬತ್ತಿ ಹಚ್ಚಿದೋಳು. ಮಗಳ ಮದುವೆ ಆಗಿದ್ದು ಹೇಗೆ ಅಂದ್ಕೊಂಡೆ?"

ಹೇಳುತ್ತಲೇ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹೇಗಿದ್ರೂ ನಮ್ಮಲ್ಲೂ ಕೆಲವರು ಈ ದಿನಕ್ಕೆ ವಿಭೂತಿ ಬುಧವಾರ ಅಂತಲೇ ಹೇಳೋದು. "ಪ್ಲಸ್ ತರ ತಾನೇ?" ಅಂತ ಖಚಿತ ಮಾಡಿಕೊಂಡು ಆಂಟಿ ಶುರು ಮಾಡಿದರು. ಆದರೆ ಅದು ಐವತ್ತು ವರ್ಷ ಅಭ್ಯಾಸ ಆದ ಕೈ. ಮೂರು ಬೆರಳೂ ಹಣೆಯ ಮೇಲೆ ಅಡ್ಡಡ್ಡ ಹೋಗಿಬಿಟ್ಟವು. ಬಸ್ಸಿಗೆ ಹೊತ್ತಾಗಿತ್ತು, ಹಾಗೇ ಹೊರಟೆ.

ಆಫೀಸಿನ ಗೇಟಿನಲ್ಲಿ, ಒಂದು ದಿನವೂ ಐಡಿ ಕಾರ್ಡ್ ನೋಡದೆ ಒಳಗೆ ಬಿಡದ ಸೆಕ್ಯೂರಿಟಿಯವರು ಅವತ್ತು ಎದ್ದು ನಿಂತು ಕೈ ಮುಗಿದರು.

"ಶರಣು ಸಾರ್. ಯಾವ ಮಠದವರು ತಾವು?"

ಐದು ನಿಮಿಷದ ಭಾಷಣ ಗಂಟಲವರೆಗೆ ಬಂತು. ಹಿಂದೆ ಕ್ಯೂ ಬೇರೆ ಇತ್ತು.

"ವಿವೇಕನಗರ" ಅಂದೆ.