ಆ ರೈಲು ದಾರೀನ ಅದರ ಪಾಡಿಗೆ ಬಿಡ್ರಪ್ಪ

ಇವತ್ತು ಬೆಳಿಗ್ಗೆನೇ ತಲೆ ಕೆಟ್ಟೋಯ್ತು. ಇಲ್ಲಿ ಸಿಂಗಾಪುರದಲ್ಲಿ ರೈಲು ನಿಂತ್ಮೇಲೆ ಹಳೇ ಹಳಿ ಜಾಗನೇ ನಡೆಯೋ ಹಸಿರು ದಾರಿ ಆಗಿದೆ, ರೈಲ್ ಕಾರಿಡಾರ್ ಅಂತಾರೆ. ಅದರಲ್ಲಿ ಬುಕಿತ್ ತಿಮಾ ಹಳೇ ರೈಲ್ವೆ ಸ್ಟೇಷನ್ ಹತ್ರ ನಾನೂ ನಮ್ಮನೆಯವ್ರೂ ಜಗಳ ಆಡ್ಕೊಂಡ್ ವಾಕ್ ಹೋಗ್ತಿದ್ವಿ (ಮಾಮೂಲಿ, ನೀರಿನ ಬಾಟ್ಲಿ ಮರೆತಿದ್ದು ಯಾರು ಅಂತ), ಕನ್ನಡ ಕಿವಿಗೆ ಬಿದ್ದು ನಮ್ಮೋರೇ ಒಬ್ರು ನಿಂತ್ರು. ರಾತ್ರಿ ಮಳೆ ಬಂದಿತ್ತು, ಅವರ ಬಿಳೀ ಶೂ ಅರ್ಧಕ್ಕರ್ಧ ಕೆಂಪಾಗಿತ್ತು. "ಏನ್ ಮೇಡಂ ಇದು, ಸಿಂಗಾಪುರದಲ್ಲೂ ಕೆಸರಾ? ನೀಟಾಗಿ ಟಾರ್ ಹಾಕಿ, ಲೈಟ್ ಕಂಬ ನಿಲ್ಸಿ, ಎರಡೂ ಕಡೆ ಗ್ರಿಲ್ ಹಾಕಿದ್ರೆ ಎಷ್ಟ್ ಚೆನ್ನಾಗಿರ್ತಿತ್ತು" ಅಂದ್ರು. ನಾನು ಹಲ್ಲು ಕಚ್ಕೊಂಡು ನಕ್ಕೆ. ಮನೆಗ್ ಬಂದು ನಮ್ಮ ಕಾಂಡೋ (ಅಪಾರ್ಟ್‌ಮೆಂಟ್) ಗ್ರೂಪ್ ತೆಗೆದ್ರೆ ಅಲ್ಲೂ ಅದೇ ರಾಗ, ಸರ್ಫೇಸ್ ಸರಿಯಿಲ್ಲ, ಲೈಟಿಲ್ಲ, ಇನ್ನೂ ಡೆವಲಪ್ ಆಗ್ಬೇಕು ಅಂತ. ಅವ್ರಿಗೆ ಅಲ್ಲೇ ಹೇಳಕ್ಕಾಗ್ದೇ ಇದ್ದಿದ್ದನ್ನ ಇಲ್ಲಿ ಹೇಳ್ತೀನಿ. ಉದ್ದ ಆಗುತ್ತೆ, ಬೇಜಾರಾದ್ರೆ ಸ್ಕ್ರಾಲ್ ಮಾಡಿ.

ಸ್ವಾಮಿ, ಆ ಹಸಿರು ಉಳ್ಕೊಂಡಿದ್ದೇ ಯಾರೂ ಡೆವಲಪ್ ಮಾಡದೇ ಇದ್ದಿದ್ದಕ್ಕೆ. ದಕ್ಷಿಣದ ತಾಂಜೋಂಗ್ ಪಗಾರಿಂದ ಉತ್ತರದ ಗಡಿ ವುಡ್‌ಲ್ಯಾಂಡ್ಸ್‌ವರೆಗೆ ಸುಮಾರು 24 ಕಿಲೋಮೀಟರ್ ಜಾಗ, ಸಿಂಗಾಪುರದ ಒಳಗೇ ಇದ್ರೂ ಮಲೇಷ್ಯಾ ರೈಲ್ವೆ ಕೈಲಿತ್ತು. ಒಂದೊಂದು ಅಡಿಗೂ ಚಿನ್ನದ ಬೆಲೆ ಇರೋ ಈ ಊರಲ್ಲಿ ಇನ್ನೊಂದು ದೇಶದ ಹಳಿ! 1990ರಲ್ಲಿ ಎರಡೂ ದೇಶದೋರು ಈ ಜಾಗದ ಒಪ್ಪಂದಕ್ಕೆ ಸೈನ್ ಹಾಕಿದ್ರು, ಆಮೇಲೆ ಅದರ ಅರ್ಥ ಏನು ಅಂತ ಇಪ್ಪತ್ತು ವರ್ಷ ಕಿತ್ತಾಡಿದ್ರು. 1998ರಲ್ಲಿ ಸಿಂಗಾಪುರದೋರು ಅವರ ಇಮಿಗ್ರೇಷನ್ನು ವುಡ್‌ಲ್ಯಾಂಡ್ಸ್‌ಗೆ ತಗೊಂಡ್ ಹೋದ್ರು, ಮಲೇಷ್ಯಾದೋರು ನಾವ್ ಕದಲಲ್ಲ ಅಂತ ತಾಂಜೋಂಗ್ ಪಗಾರಲ್ಲೇ ಕೂತ್ರು. ಹಂಗಾಗಿ ರೈಲು ಹತ್ತೋರು ಸಿಂಗಾಪುರ ಬಿಡೋಕ್ ಮುಂಚೆನೇ ಕಾಗದದಲ್ಲಿ ಮಲೇಷ್ಯಾ ಸೇರಿಬಿಡ್ತಿದ್ರು. ದಾಯಾದಿಗಳ ಕೋರ್ಟ್ ಕೇಸಲ್ಲಿರೋ ಜಮೀನಲ್ಲಿ ಮರ ಬೆಳೆಯಲ್ವಾ, ಅದೇ ಥರ ಇಬ್ರ ಜಗಳದಲ್ಲಿ ಹಳಿ ಪಕ್ಕ ಒಂದು ಕಾಡೇ ಬೆಳೀತು. 2010ರಲ್ಲಿ ರಾಜಿ ಆಯ್ತು, ಹಳಿ ಜಾಗ ಸಿಂಗಾಪುರಕ್ಕೆ, ಬದಲಿಗೆ ಊರೊಳಗೇ ಮರೀನಾ ಸೌತು, ಓಫಿರ್-ರೋಚರ್ ಕಡೆ ಜಾಗ ಕೊಟ್ರು. 2011 ಜೂನ್ 30ರ ರಾತ್ರಿ ಕೊನೇ ರೈಲನ್ನ ಗಡಿಯಾಚೆಗಿನ ಮಲೇಷ್ಯಾ ರಾಜ್ಯ ಜೋಹೋರ್‌ನ ಸುಲ್ತಾನರೇ ಇಂಜಿನ್ನಲ್ಲಿ ಕೂತು ಓಡಿಸ್ಕೊಂಡ್ ಹೋದ್ರು, ಈಗ ಅವ್ರೇ ಮಲೇಷ್ಯಾದ ರಾಜ.

ಆವಾಗ್ಲೂ ಈ ಜಾಗದ ಮೇಲೆ ಎಲ್ರ ಕಣ್ಣಿತ್ತು. ಅದನ್ನ ಹಸಿರು ದಾರಿಯಾಗೇ ಇಡಿ ಅಂತ ಇಲ್ಲಿನ ನೇಚರ್ ಸೊಸೈಟಿಯೋರು 2010ರಲ್ಲೇ ಬರೆದು ಕೊಟ್ಟಿದ್ರು. ಸರ್ಕಾರ ಕೇಳ್ತು ಅನ್ನೋದು ಇವತ್ತಿಗೂ ನಂಗೆ ಆಶ್ಚರ್ಯ. ಹಳಿ ಬಹುತೇಕ ಕಿತ್ತು ವಾಪಸ್ ಕಳ್ಸಿದ್ರು, ಎರಡು ಕಬ್ಬಿಣದ ಸೇತುವೆ ಇಟ್ಕೊಂಡ್ರು, 1932ರ ಬುಕಿತ್ ತಿಮಾ ಸ್ಟೇಷನ್ ರಿಪೇರಿ ಮಾಡಿ 2022ರಲ್ಲಿ ಜನಕ್ಕೆ ತೆಗೆದ್ರು. ಅಲ್ಲಿ ಒಂದು ತುಂಡು ಹಳಿ ಹಂಗೇ ಬಿಟ್ಟಿದಾರೆ, ಸ್ಲೀಪರ್ ಮರದ ಸಂದೀಲಿ ಹುಲ್ಲು, ಬೋಲ್ಟ್ ಮೇಲೆ ತುಕ್ಕು, ಮಕ್ಕಳು ಕೈ ಅಗಲಿಸ್ಕೊಂಡು ಹಳಿ ಮೇಲೆ ಬ್ಯಾಲೆನ್ಸ್ ಮಾಡ್ತಿರ್ತವೆ. ನಾನು ಅರಸೀಕೆರೆಯವಳು, ಹಳಿ ಪಕ್ಕನೇ ಬೆಳೆದವಳು ಅಂತ ನಿಮಗೆಲ್ಲಾ ಗೊತ್ತೇ ಇದೆ. ಆ ಹಳಿ ಮೇಲೆ ನಾನೂ ನಡೀತೀನಿ. ಯಾರೂ ನೋಡ್ತಿಲ್ಲ ಅಂದ್ರೆ ಕೈನೂ ಅಗಲಿಸ್ತೀನಿ.

ಉಳಿದಿದ್ದು ಜಲ್ಲಿಪುಡಿ ಒತ್ತಿರೋ ದಾರಿ, ಹುಲ್ಲು, ಕೆಲವು ಕಡೆ ಮಣ್ಣು. ಇದನ್ನೇ ಪಕ್ಕಾ ಮಾಡಿ ಅಂತಿರೋದು ನಮ್ ಜನ. ಯಾಕ್ರೀ? ಸಮಭಾಜಕದ ಪಕ್ಕ ಇರೋ ಊರು ಇದು, ಮಧ್ಯಾಹ್ನ ಟಾರ್ ರೋಡ್ ಮೇಲೆ ದೋಸೆ ಹುಯ್ಬೋದು. ಮಳೆ ಬಂದ್ರೆ ಮಣ್ಣು ಆದಷ್ಟು ಕುಡ್ಕೊಳತ್ತೆ, ಟಾರು ಎಲ್ಲಿ ಕುಡಿಯುತ್ತೆ. ಮತ್ತೆ ಸೈಕಲ್‌ನೋರು! ಈಗ ಜಲ್ಲಿ ಇದೆ ಅಂತ ಮರ್ಯಾದೆಯಾಗಿ ನಿಧಾನಕ್ಕೆ ಬರ್ತಾರೆ, ಅಜ್ಜಿ ನೋಡಿ ಬ್ರೇಕ್ ಹಿಡೀತಾರೆ. ನೈಸ್ ಮಾಡಿ ನೋಡಿ, ಬಿಗಿ ಚಡ್ಡಿ ಹಾಕ್ಕೊಂಡು ಹಿಂಡು ಹಿಂಡಾಗಿ ಬಾಣ ಬಿಟ್ಟಂಗ್ ಬರ್ತಾರೆ, ಆಮೇಲೆ ನಡೆಯೋರಿಗೆ ಬೇರೆ ಲೇನ್ ಬೇಕು, ಲೇನ್‌ಗೆ ಬೋರ್ಡ್ ಬೇಕು, ಬೋರ್ಡ್ ನೋಡದೇ ಇರೋರಿಗೆ ಫೈನ್ ಬೇಕು.

ವಯಸ್ಸಾದೋರು, ವೀಲ್‌ಚೇರ್‌ನೋರು, ಪ್ರಾಮ್ ತಳ್ಳೋರು ಏನ್ ಮಾಡ್ಬೇಕು ಅಂತ ಗ್ರೂಪಲ್ಲಿ ಒಬ್ರು ಕೇಳಿದಾರೆ. ನ್ಯಾಯವಾದ ಪ್ರಶ್ನೆ, ಒಪ್ತೀನಿ. ಒಳಗೆ ಹೋಗೋ ಕಡೆಯೆಲ್ಲಾ ರ‍್ಯಾಂಪ್ ಮಾಡ್ಲಿ, ನೀರು ನಿಲ್ಲೋ ಕಡೆ ಚರಂಡಿ ಸರಿ ಮಾಡ್ಲಿ, ಯಾರ್ ಬೇಡ ಅಂದ್ರು? ಆದ್ರೆ ರೈಲಿಗೆ ಕಡಿದಾದ ಏರು ಹತ್ತಕ್ಕಾಗಲ್ಲ, ಅದಕ್ಕೆ ಆ ದಾರಿ ಮೊದಲಿಂದಲೂ ಸಮ. ಪಕ್ಕದಲ್ಲೇ ಈ ದೇಶದ ಅತಿ ಎತ್ತರದ ಗುಡ್ಡ ಇದೆ (163 ಮೀಟರ್, ನಗಬೇಡಿ), ಅದರ ಬುಡದಲ್ಲಿ ಹೋಗ್ತಿದ್ರೂ ಮಂಡಿಗೆ ಗೊತ್ತೇ ಆಗಲ್ಲ. ನಮ್ಮತ್ತೆ ಮಂಡಿ ಆಪರೇಷನ್ ಆದ್ಮೇಲೂ ಕೋಲು ಹಿಡ್ಕೊಂಡು ಅಲ್ಲಿ ನಡೆದ್ರು, ಕಾಂಡೋ ಮೆಟ್ಲಿಗೇ ಅವ್ರು ಬೈದಿದ್ದು. ಇನ್ನು ಟಾರು, ಸಿಮೆಂಟೇ ಬೇಕು ಅನ್ನೋರಿಗೆ ಪಾರ್ಕಿಂದ ಪಾರ್ಕಿಗೆ ಹೋಗೋ ದಾರಿ, ಪಾರ್ಕ್ ಕನೆಕ್ಟರ್ ಅಂತ, ಊರ್ ತುಂಬಾ ನೂರಾರು ಕಿಲೋಮೀಟರ್ ಇದೆಯಲ್ಲ, ಅಲ್ಲಿ ಹೋಗಕ್ಕೆ ಏನ್ ರೋಗ?

ಲೈಟ್ ವಿಷ್ಯ ಅಂತೂ ಕೇಳಲೇಬೇಡಿ. ಆ ಕಡೆ ಚಿಪ್ಪುಹಂದಿ ಓಡಾಡುತ್ತೆ ಕಣ್ರೀ, ರಾತ್ರಿ ಪ್ರಾಣಿ ಅದು. ನಾನೇನ್ ದೊಡ್ಡ ಪ್ರಕೃತಿ ಪ್ರೇಮಿ ಅಲ್ಲ, ಉಡ ಅಡ್ಡ ಬಂದ್ರೆ ನಮ್ಮನೆಯವ್ರ ಬೆನ್ನ ಹಿಂದೆ ಹೋಗಿ ನಿಂತ್ಕೋತೀನಿ. ಆದ್ರೂ ಆ ಪ್ರಾಣಿಗಳ ಮನೇಲಿ ರಾತ್ರಿಯೆಲ್ಲಾ ಟ್ಯೂಬ್‌ಲೈಟ್ ಹಾಕಿ ಅನ್ನೋ ಧೈರ್ಯ ನಂಗಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಈ ಪಕ್ಕಾ ಮಾಡೋ ಚಟ ನಾವು ಊರಿಂದ ಸೂಟ್‌ಕೇಸಲ್ಲಿ ಹಾಕ್ಕೊಂಡ್ ಬಂದಿರೋದು. ಬೆಂಗಳೂರಲ್ಲಿ ಕೆರೆ ಅಭಿವೃದ್ಧಿ ಹೆಂಗ್ ಮಾಡ್ತಾರೆ ನೋಡಿಲ್ವಾ? ಏರಿ ಮೇಲೆ ಇಂಟರ್‌ಲಾಕ್ ಕಲ್ಲು, ಸುತ್ತ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಂದು ಬೀಗ, ಬೀಗಕ್ಕೊಬ್ಬ ಸೆಕ್ಯುರಿಟಿ. ಎಮ್ಮೆ ಮೈ ತೊಳೀತಿದ್ದೋರು, ಹುಲ್ಲು ಕೊಯ್ತಿದ್ದೋರು ಎಲ್ಲಾ ಹೊರಗೆ. ಒಳಗೆ ನಾವು, ಸ್ಮಾರ್ಟ್ ವಾಚ್ ಕಟ್ಕೊಂಡು, ಒಂದೇ ದಿಕ್ಕಲ್ಲಿ ಸುತ್ತಾಕ್ಕೊಂಡು. ಹೋದ ಸಲ ರಜಕ್ಕೆ ಹೋದಾಗ ಹತ್ತು ಗಂಟೆ ದಾಟಿತು ಅಂತ ಒಂದು ಕೆರೆಗೆ ನನ್ನನ್ನ ಬಿಡ್ಲೇ ಇಲ್ಲ. ಬೇಲಿ ಸಂದೀಲಿ ನೀರು ನೋಡ್ಕೊಂಡು ಬಂದೆ. ಈ ರೈಲು ದಾರಿಗೆ ಬಹುಪಾಲು ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ, ಮನೆಕೆಲಸದ ಹುಡುಗೀರು ಭಾನುವಾರ ಹುಲ್ಲಿನ ಮೇಲೆ ಚಾಪೆ ಹಾಸ್ಕೊಂಡು ಊಟ ಮಾಡ್ತಾ ಕೂತಿರ್ತಾರೆ, ಪಕ್ಕದಲ್ಲೇ ಕೋಟ್ಯಧೀಶರು ನಾಯಿ ಹಿಡ್ಕೊಂಡ್ ಹೋಗ್ತಿರ್ತಾರೆ. ಇದಕ್ಕಿಂತ ಇನ್ನೇನ್ ಡೆವಲಪ್ ಆಗ್ಬೇಕು?

"ಅಭಿವೃದ್ಧಿ ವಿರೋಧಿ" ಅಂತ ಕಾಮೆಂಟ್ ಹಾಕೋಕ್ ಬಂದಿರೋರು ಹಾಕಿ, ಅಭ್ಯಾಸ ಆಗಿದೆ. ಬರೋ ಭಾನುವಾರ ಬೆಳಿಗ್ಗೆ ನಾವು ಮತ್ತೆ ಹೋಗ್ತಿದೀವಿ, ಕಿಂಗ್ ಆಲ್ಬರ್ಟ್ ಪಾರ್ಕ್ ಎಂಆರ್‌ಟಿಲಿ (ಇಲ್ಲಿನ ಮೆಟ್ರೋ) ಇಳಿದು, ಸ್ಟೇಷನ್ ದಾಟಿ, ರೈಲ್ ಮಾಲ್ ಹತ್ರದ ಸೇತುವೆವರೆಗೆ. ಟಾರ್ ಬೇಕು ಅನ್ನೋರೂ ಧಾರಾಳವಾಗಿ ಬನ್ನಿ, ದಾರಿಯುದ್ದಕ್ಕೂ ವಾದ ಮಾಡೋಣ. ಕಾಫಿ ಮಾತ್ರ ನಿಮ್ದು.