ದಾನಕ್ಕೂ ಅಂಕಪಟ್ಟಿ ಬೇಕೇ? ಪರ – ವಿರೋಧ

ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಂತೆ ಪ್ರೌಢಶಾಲೆಗಳಲ್ಲಿ ಎರಡು ಗಡಿಬಿಡಿಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ತರಗತಿಗಳ ನಡುವಿನ ಪಂದ್ಯಗಳ ಫೈನಲ್. ಇನ್ನೊಂದು, ಇಲ್ಲದವರಿಗಾಗಿ ಹಣ, ಬಟ್ಟೆ, ಪುಸ್ತಕ ಕೂಡಿಸುವ ಅಭಿಯಾನ. ಈ ಅಭಿಯಾನವನ್ನೂ ಅನೇಕ ಕಡೆ ಪಂದ್ಯದ ಮಾದರಿಯಲ್ಲೇ ನಡೆಸುತ್ತಾರೆ: ತರಗತಿಗೊಂದು ಪೆಟ್ಟಿಗೆ, ಕಾರಿಡಾರಿನಲ್ಲಿ ಅಂಕಗಳ ಫಲಕ, ಗೆದ್ದವರಿಗೆ ಟ್ರೋಫಿ. ಇದು ಸರಿಯೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಉದ್ದೇಶವಿಲ್ಲ. ನನ್ನ ಒಲವು ಎತ್ತ ಎಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಪರ: ಜಿದ್ದಿಗೆ ಬಿದ್ದಾದರೂ ಕೊಡಲಿ

ಚಳಿಗೆ ನಡುಗುವವನಿಗೆ ಬೇಕಾದದ್ದು ಸ್ವೆಟರ್. ಅದನ್ನು ಕೊಟ್ಟ ಹುಡುಗ ಕರುಣೆಯಿಂದ ಕೊಟ್ಟನೋ, ಪಕ್ಕದ ತರಗತಿಯನ್ನು ಸೋಲಿಸುವ ಹಟದಿಂದ ಕೊಟ್ಟನೋ, ಅದರಿಂದ ಸ್ವೆಟರಿನ ಬಿಸುಪು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕೊಡುವವರ ಮನಸ್ಸಿನ ಶುದ್ಧಿಯನ್ನು ಅಳೆಯುತ್ತ ಕೂರುವುದು ಹೊಟ್ಟೆ ತುಂಬಿದವರ ಕಾಲಕ್ಷೇಪ.

ಪೈಪೋಟಿ ಇಲ್ಲದ ಮನವಿಯ ಗತಿ ಏನಾಗುತ್ತದೆ ಎಂಬುದು ಶಾಲೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಬೆಳಗಿನ ಸಭೆಯಲ್ಲಿ ಸೂಚನೆ ಓದುತ್ತಾರೆ, ಮುಖ್ಯ ಬಾಗಿಲ ಬಳಿ ದೊಡ್ಡ ಪೆಟ್ಟಿಗೆ ಇಡುತ್ತಾರೆ. ಮೊದಲ ಎರಡು ದಿನ ಮುಂದಿನ ಬೆಂಚಿನ ನಾಲ್ಕೈದು ಮಂದಿ ಏನಾದರೂ ತಂದು ಹಾಕುತ್ತಾರೆ. ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆಯೊಳಗೆ ಚಾಕೊಲೇಟಿನ ಕಾಗದವೂ ಖಾಲಿ ನೀರಿನ ಬಾಟಲಿಯೂ ಸೇರಿರುತ್ತವೆ. ಮಕ್ಕಳು ಕಲ್ಲು ಹೃದಯದವರೆಂದಲ್ಲ. ಎಲ್ಲರ ಕೆಲಸ ಯಾರ ಕೆಲಸವೂ ಆಗುವುದಿಲ್ಲ ಎಂಬುದು ದೊಡ್ಡವರ ಕಚೇರಿಗಳಲ್ಲೂ ನಿಜ. ಅದೇ ಪೆಟ್ಟಿಗೆಯ ಮೇಲೆ "ಒಂಬತ್ತನೇ ತರಗತಿ, ಬಿ ವಿಭಾಗ" ಎಂದು ಬರೆಯಿರಿ, ಪಕ್ಕದಲ್ಲಿ "ಎ ವಿಭಾಗ"ದ ಪೆಟ್ಟಿಗೆ ಇಡಿ. ಪಾಠದಲ್ಲಿ ಒಮ್ಮೆಯೂ ಕೈ ಎತ್ತದ ಹುಡುಗ ಸಂಜೆ ನೆರೆಮನೆಗಳ ಬಾಗಿಲು ತಟ್ಟುತ್ತಾನೆ. ಗಣಿತದಲ್ಲಿ ಹಿಂದೆ ಬಿದ್ದ ಹುಡುಗಿ ಯಾರು ಏನು ತಂದರೆಂದು ಗೆರೆ ಎಳೆದು ಪಟ್ಟಿ ಬರೆಯುತ್ತಾಳೆ.

ಕೊನೆಯ ದಿನದ ಎಣಿಕೆಯನ್ನು ನೋಡಬೇಕು. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಬಟ್ಟೆ, ಪುಸ್ತಕಗಳನ್ನು ಹತ್ತು ಹತ್ತರ ರಾಶಿ ಮಾಡುತ್ತಾರೆ. ಒಬ್ಬ ಕೂಗಿ ಹೇಳುತ್ತಾನೆ, ಇನ್ನೊಬ್ಬಳು ಬರೆದುಕೊಳ್ಳುತ್ತಾಳೆ, ಎದುರಾಳಿ ತರಗತಿಯ ಪ್ರತಿನಿಧಿ ಕೈಕಟ್ಟಿ ನಿಂತು ಕಣ್ಣಿಟ್ಟಿರುತ್ತಾನೆ. ಹರಿದ ಅಂಗಿ ಲೆಕ್ಕಕ್ಕೆ ಬರುತ್ತದೆಯೇ ಎಂದು ವಾಗ್ವಾದವಾಗುತ್ತದೆ, ಕೊನೆಗೆ ಬರುವುದಿಲ್ಲ ಎಂದು ಅವರೇ ತೀರ್ಮಾನಿಸುತ್ತಾರೆ. ಸಾರ್ವಜನಿಕ ಲೆಕ್ಕವನ್ನು ಎದುರಾಳಿಯ ಕಣ್ಣೆದುರೇ ಇಡಬೇಕೆಂಬ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗುತ್ತದೆ?

ಆಟದ ಹುರುಪಿನಿಂದ ಬಂದ ಹಣ ಹಗುರ ಹಣವಲ್ಲ. 2014ರಲ್ಲಿ ಜಗತ್ತಿನಾದ್ಯಂತ ಜನ ತಲೆಯ ಮೇಲೆ ಮಂಜುಗಡ್ಡೆ ನೀರು ಸುರಿದುಕೊಂಡು, "ಈಗ ನಿನ್ನ ಸರದಿ" ಎಂದು ಗೆಳೆಯರಿಗೆ ಸವಾಲು ಹಾಕಿದರು. ಐಸ್ ಬಕೆಟ್ ಚಾಲೆಂಜ್ ಎಂದು ಹೆಸರಾದ ಆ ಹುಚ್ಚಾಟದಿಂದ ನರಕೋಶಗಳನ್ನು ಕೊಲ್ಲುವ ಎಎಲ್‌ಎಸ್ ರೋಗದ ವಿರುದ್ಧ ದುಡಿಯುವ ಅಮೆರಿಕದ ಸಂಸ್ಥೆಯೊಂದಕ್ಕೇ ಸುಮಾರು 11.5 ಕೋಟಿ ಡಾಲರ್ ಬಂತು. ಅದರ ಒಂದು ಪಾಲು ಸಂಶೋಧನೆಗೆ ಹೋಯಿತು. ಆ ರೋಗಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಗುರುತಿಸಲು ಅದು ನೆರವಾಯಿತು. ನೀರು ಸುರಿದುಕೊಂಡವರಲ್ಲಿ ಬಹುಪಾಲು ಜನ ತಮಾಷೆಗಾಗಿ, ನಾಲ್ಕು ಜನ ನೋಡಲೆಂದು ಸುರಿದುಕೊಂಡವರು. ರೋಗಿಗಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಅಮೆರಿಕದ ಶಾಲೆಗಳಲ್ಲಿ "ಪೆನ್ನಿ ವಾರ್" ಎಂಬ ಆಟವಿದೆ. ತರಗತಿಗೊಂದು ಜಾಡಿ. ಅದರಲ್ಲಿ ಬಿದ್ದ ಪೆನ್ನಿಗಳಿಗೆ, ಅಂದರೆ ಒಂದು ಸೆಂಟಿನ ನಾಣ್ಯಗಳಿಗೆ, ಅಂಕ ಕೂಡುತ್ತದೆ, ನೋಟು ಬಿದ್ದರೆ ಅಂಕ ಕಳೆಯುತ್ತದೆ. ಹಾಗಾಗಿ ಎದುರಾಳಿಯನ್ನು ಕೆಳಗಿಳಿಸಲು ಅವರ ಜಾಡಿಗೆ ಹೋಗಿ ನೋಟು ಹಾಕಬೇಕು! ಮತ್ಸರದಿಂದಲೂ ಹುಂಡಿ ತುಂಬುವಂತೆ ಮಾಡಿದ ಈ ಬುದ್ಧಿವಂತನಿಗೆ ನಾನು ತಲೆಬಾಗುತ್ತೇನೆ.

ಪೈಪೋಟಿ ಕ್ರೀಡಾ ಮನೋಭಾವವನ್ನು ಕೆಡಿಸುತ್ತದೆ ಎನ್ನುವವರು 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್ ನೆನಪಿಸಿಕೊಳ್ಳಲಿ. ಇಬ್ಬರ ಬಾಬ್‌ಸ್ಲೆಡ್ ಸ್ಪರ್ಧೆಯಲ್ಲಿ, ಅಂದರೆ ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುಬಂಡಿ ಓಡಿಸುವ ಪಂದ್ಯದಲ್ಲಿ, ಬ್ರಿಟನ್ನಿನ ನ್ಯಾಶ್–ಡಿಕ್ಸನ್ ಜೋಡಿಯ ಬಂಡಿಯ ಬೋಲ್ಟ್ ಮುರಿಯಿತು. ಇಟಲಿಯ ಯುಜೀನಿಯೊ ಮೊಂಟಿ ತನ್ನ ಬಂಡಿಯ ಬೋಲ್ಟನ್ನು ಅವರಿಗೆ ಕೊಟ್ಟ. ಬ್ರಿಟನ್ನಿಗೆ ಚಿನ್ನ ಬಂತು, ಮೊಂಟಿಗೆ ಕಂಚು. ಗೆಲ್ಲುವ ಆಸೆ ಇಲ್ಲದವನು ಬೋಲ್ಟ್ ಕೊಟ್ಟಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನಿತ್ತು? ಎದುರಾಳಿ ಇದ್ದಾಗಲಷ್ಟೇ ಎದುರಾಳಿಯೊಂದಿಗೆ ಸಜ್ಜನನಾಗಿರುವ ಅವಕಾಶ ಸಿಗುತ್ತದೆ.

ಪೈಪೋಟಿ ಬೇಡವೆಂದರೆ ಉಳಿಯುವ ದಾರಿ ಯಾವುದು? ಕಡ್ಡಾಯ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 75 ಗಂಟೆಗಳ ಸೇವಾ ಕಲಿಕೆ, ಕೆನಡಾದ ಒಂಟಾರಿಯೊದಲ್ಲಿ 40 ಗಂಟೆಗಳ ಸಮುದಾಯ ಸೇವೆ ಪ್ರೌಢಶಾಲೆ ಮುಗಿಸಲು ಕಡ್ಡಾಯ ಎಂಬ ನಿಯಮ ತಂದರು. ಸಹಿ ಹಾಕಿಸಿಕೊಳ್ಳಲು ಮಾಡುವ ಸೇವೆಗಿಂತ ಟ್ರೋಫಿಗಾಗಿ ಮಾಡುವ ಸೇವೆಯಲ್ಲಿ ಜೀವ ಹೆಚ್ಚು, ಅದರಲ್ಲಿ ನಗುವಾದರೂ ಇರುತ್ತದೆ.

ವಿರೋಧ: ಎಣಿಸಲು ಹೊರಟಲ್ಲೇ ಎಡವಟ್ಟು

ಸ್ವೆಟರ್ ತೊಟ್ಟವನಿಗೆ ಕೊಟ್ಟವನ ಮನಸ್ಸಿನಿಂದ ಆಗಬೇಕಾದದ್ದೇನೂ ಇಲ್ಲ, ಒಪ್ಪಿದೆ. ಆದರೆ ಶಾಲೆ ಸ್ವೆಟರ್ ಹಂಚುವ ಸಂಸ್ಥೆಯಲ್ಲ. ಅದಕ್ಕೆ ಬೇರೆಯವರಿದ್ದಾರೆ, ಶಾಲೆಗಿಂತ ಚೆನ್ನಾಗಿಯೂ ಮಾಡುತ್ತಾರೆ. ಅಭಿಯಾನದಿಂದ ಮಕ್ಕಳು ಏನು ಕಲಿತರು ಎಂದು ಕೇಳುವುದೇ ಶಾಲೆಯ ಕೆಲಸ. ಎಣಿಕೆಯ ದಿನದ ಸೊಗಸಾದ ಚಿತ್ರವನ್ನು ಪರ ಪಕ್ಷದವರು ಬಿಡಿಸಿದರು. ಅದಕ್ಕೆ ಹಿಂದಿನ ಮೂರು ವಾರಗಳಲ್ಲಿ ನಡೆದದ್ದನ್ನು ಹೇಳಲಿಲ್ಲ.

ಮೊದಲು, ಏನನ್ನು ಎಣಿಸುತ್ತೀರಿ? ವಸ್ತುಗಳ ಸಂಖ್ಯೆ ಎಣಿಸಿದರೆ ಮಕ್ಕಳು ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ, ಅತಿ ಅಗ್ಗದ ಪೊಟ್ಟಣಗಳನ್ನು ಹುಡುಕುತ್ತಾರೆ. ಒಂದು ಕಂಬಳಿಯೂ ಒಂದು ಸೋಪೂ ಫಲಕದ ಮೇಲೆ ಸಮಸಮ. ತೂಕ ಹಾಕಿದರೆ ಯಾರಿಗೂ ಬೇಡವಾದ ಹಳೆಯ ಗೈಡುಗಳೆಲ್ಲ ಅಟ್ಟದಿಂದ ಇಳಿಯುತ್ತವೆ. ಹಣ ಎಣಿಸಿದರೆ ಕೊನೆಯ ಗಂಟೆಯಲ್ಲಿ ಒಬ್ಬ ಸ್ಥಿತಿವಂತ ತಂದೆ ಲಕೋಟೆ ಕಳಿಸುತ್ತಾನೆ, ಅಷ್ಟೂ ದಿನ ಬಾಗಿಲು ಬಾಗಿಲು ಅಲೆದ ಪಕ್ಕದ ತರಗತಿ ಸೋಲುತ್ತದೆ.

ಇದನ್ನು ಕಂಡ ಜಾಣ ಶಿಕ್ಷಕರು ಒಂದು ತಿದ್ದುಪಡಿ ತರುತ್ತಾರೆ: ಎಷ್ಟು ಕೊಟ್ಟರು ಎನ್ನುವುದು ಬೇಡ, ಎಷ್ಟು ಮಂದಿ ಕೊಟ್ಟರು ಎಂಬ ಶೇಕಡಾವಾರು ಸಾಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಕ್ರೂರ. ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತೊಂಬತ್ತು ಮಂದಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಫಲಕದ ಮೇಲೆ 97.5. ಪಕ್ಕದ ತರಗತಿಯದು 100. ಉಳಿದ ಆ ಎರಡೂವರೆಗೆ ಒಂದು ಹೆಸರಿದೆ, ಒಂದು ಬೆಂಚಿದೆ, ಅದು ಎಲ್ಲರಿಗೂ ಗೊತ್ತಿದೆ. ಊಟದ ಬಿಡುವಿನಲ್ಲಿ ನಾಯಕ ಪಟ್ಟಿ ಹಿಡಿದು ಅವನ ಮುಂದೆ ನಿಲ್ಲುತ್ತಾನೆ. "ನಾಳೆ ತರುತ್ತೇನೆ" ಎನ್ನುತ್ತಾನೆ ಅವನು. ಮರುದಿನವೂ ಅದೇ ಮಾತು. ಮೂರನೆಯ ದಿನ ಯಾರೋ ಅವನ ಹೆಸರಿನಲ್ಲಿ ತಾವೇ ಒಂದು ನಾಣ್ಯ ಹಾಕುತ್ತಾರೆ, ಹಾಕಿದ್ದನ್ನು ಇಡೀ ತರಗತಿಗೆ ಸಾರುತ್ತಾರೆ. ಪೆಟ್ಟಿಗೆಯೊಳಗಿನ ಸ್ವೆಟರ್ ಯಾರಿಗೆ ಹೋಗಬೇಕೋ ಅವನು ದೂರದ ಯಾವುದೋ ಕೇರಿಯಲ್ಲಿ ಇಲ್ಲದೆ ಅದೇ ಕೋಣೆಯ ಮೂರನೆಯ ಸಾಲಿನಲ್ಲಿ ಕುಳಿತಿರಬಹುದು. ಅಭಿಯಾನದ ಪೋಸ್ಟರ್ ಬರೆಯುವಾಗ "ಅವರಿಗೆ ನಾವು" ಎಂದು ಬರೆದುಬಿಡುತ್ತೇವೆ, "ಅವರು" ನಮ್ಮೊಳಗೇ ಇದ್ದಾರೆಂಬುದು ತಲೆಗೆ ಹೋಗುವುದಿಲ್ಲ.

ಬಹುಮಾನ ಇಟ್ಟರೆ ಹುರುಪು ಏರಿಯೇ ಏರುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ತಡೆದು ನೋಡಬೇಕು. ಅರ್ಥಶಾಸ್ತ್ರಜ್ಞರಾದ ಊರಿ ಗ್ನೀಝಿ ಮತ್ತು ಆಲ್ಡೋ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಸ್ರೇಲಿನ 180 ಪ್ರೌಢಶಾಲಾ ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ದೇಣಿಗೆ ಸಂಗ್ರಹಿಸಿದರು. ಒಂದು ಗುಂಪಿಗೆ ಕೆಲಸದ ಮಹತ್ವವನ್ನಷ್ಟೇ ಹೇಳಿ ಕಳಿಸಿದರು. ಎರಡನೆಯದಕ್ಕೆ ಸಂಗ್ರಹದ ಶೇಕಡಾ 1ರಷ್ಟು, ಮೂರನೆಯದಕ್ಕೆ ಶೇಕಡಾ 10ರಷ್ಟು ಹಣವನ್ನು ಬೇರೆ ಮೂಲದಿಂದ ಕೊಡುವುದಾಗಿ ಹೇಳಿದರು. ಸರಾಸರಿಯಲ್ಲಿ ಎಲ್ಲರಿಗಿಂತ ಹೆಚ್ಚು ತಂದವರು ಏನೂ ಸಿಗದ ಮೊದಲ ಗುಂಪಿನವರು. ಎಲ್ಲರಿಗಿಂತ ಕಡಿಮೆ ತಂದವರು ಒಂದು ಪರ್ಸೆಂಟಿನವರು. ಹಣವೂ ಟ್ರೋಫಿಯೂ ಒಂದೇ ಅಲ್ಲ, ನಿಜ. ಆದರೂ ಹದಿಹರೆಯದವರು ಒಳ್ಳೆಯ ಕೆಲಸಕ್ಕೆ ಆಮಿಷವಿಲ್ಲದೆ ಏಳುವುದಿಲ್ಲ ಎಂದು ಮೊದಲೇ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ಅಂಕ ಇಟ್ಟೊಡನೆ ಸದ್ಗುಣ ಏನಾಗುತ್ತದೆ ಎಂಬುದಕ್ಕೆ ಫುಟ್‌ಬಾಲ್ ಒಳ್ಳೆಯ ನಿದರ್ಶನ ಕೊಟ್ಟಿದೆ. 2018ರ ವಿಶ್ವಕಪ್‌ನ ಗುಂಪು ಹಂತದಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು, ಪರಸ್ಪರ ಪಂದ್ಯ ಎಲ್ಲದರಲ್ಲೂ ಸಮ. ಮುಂದೆ ಹೋಗುವವರನ್ನು ನಿರ್ಧರಿಸಬೇಕಾದದ್ದು "ಫೇರ್ ಪ್ಲೇ" ಅಂಕ, ಅಂದರೆ ಯಾರಿಗೆ ಹಳದಿ ಕಾರ್ಡ್ ಕಡಿಮೆ ಎಂಬುದು. ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ವೋಲ್ಗೊಗ್ರಾಡ್‌ನಲ್ಲಿ ಪೋಲೆಂಡ್ ವಿರುದ್ಧ 0–1ರಿಂದ ಹಿಂದಿದ್ದ ಜಪಾನಿಗೆ, ಅದೇ ಹೊತ್ತಿಗೆ ಸೆನೆಗಲ್ ಕೂಡ ಸೋಲುತ್ತಿದೆ ಎಂಬ ಸುದ್ದಿ ಮುಟ್ಟಿತು. ಕೊನೆಯ ಸುಮಾರು ಹತ್ತು ನಿಮಿಷ ಅವರು ದಾಳಿ ಮಾಡಲೇ ಇಲ್ಲ. ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತ ಕಾಲ ತಳ್ಳಿದರು, ಪ್ರೇಕ್ಷಕರು ಛೀಮಾರಿ ಹಾಕಿದರು. ನ್ಯಾಯಯುತ ಆಟಕ್ಕೆಂದು ಇಟ್ಟ ಅಂಕದಿಂದಲೇ ಆಡದೆ ಇರುವುದು ಲಾಭದಾಯಕವಾಯಿತು. ಆಟಗಾರರನ್ನು ನಾನು ದೂರುವುದಿಲ್ಲ. ನಿಯಮ ಏನು ಕೇಳಿತೋ ಅದನ್ನು ಕೊಟ್ಟರು. ಸೋಪಿನ ಪೊಟ್ಟಣ ತರುವ ಮಕ್ಕಳೂ ಅಷ್ಟೇ.

ಮೊಂಟಿಯ ಬೋಲ್ಟನ್ನು ಪರ ಪಕ್ಷದವರು ತಮ್ಮ ಪರ ಸಾಕ್ಷಿ ಮಾಡಿಕೊಂಡಿದ್ದಾರೆ. ಅದು ನನ್ನ ಸಾಕ್ಷಿ. ಬೋಲ್ಟ್ ಕೊಟ್ಟದ್ದಕ್ಕೆ ಸ್ಪರ್ಧೆಯಲ್ಲಿ ಅಂಕವಿರಲಿಲ್ಲ. ಕೊಟ್ಟರೆ ಸೋಲುವ ಅಪಾಯವಿತ್ತು. ದಾನವೇ ಪಂದ್ಯವಾದರೆ ಕೊಟ್ಟಷ್ಟೂ ಗೆಲ್ಲುತ್ತೀರಿ. ಅಲ್ಲಿ ಮೊಂಟಿಯಂತೆ ನಡೆದುಕೊಳ್ಳುವುದು ಹೇಗೆ? ತನ್ನ ಪೆಟ್ಟಿಗೆಯ ಸ್ವೆಟರನ್ನು ಎದುರಾಳಿಯ ಪೆಟ್ಟಿಗೆಗೆ ಹಾಕಬೇಕು. ಪೆನ್ನಿ ವಾರ್‌ನಲ್ಲಿ ಹಾಕುತ್ತಾರೆ ನಿಜ, ಆದರೆ ಅವರನ್ನು ಕೆಳಗೆ ತಳ್ಳಲು!

1954ರಲ್ಲಿ ಮನಃಶಾಸ್ತ್ರಜ್ಞ ಮುಜಫರ್ ಶೆರಿಫ್ ಅಮೆರಿಕದ ಒಕ್ಲಹೋಮಾ ರಾಜ್ಯದ ರಾಬರ್ಸ್ ಕೇವ್ ಉದ್ಯಾನದ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯಾವಳಿ ನಡೆಸಿದರು. ಆರಂಭದಲ್ಲಿ ಕ್ರೀಡಾ ಮನೋಭಾವಕ್ಕೆ ಕೊರತೆ ಇರಲಿಲ್ಲ. ಆಮೇಲೆ ಬೈಗುಳ ಬಂತು, ಎದುರಾಳಿಯ ಬಾವುಟ ಸುಟ್ಟರು, ಅವರ ಗುಡಿಸಲಿಗೆ ನುಗ್ಗಿದರು. ಸಂಶೋಧಕರೇ ಜಗಳಕ್ಕೆ ಗಾಳಿ ಹಾಕಿದರು ಎಂಬ ಟೀಕೆ ಈ ಪ್ರಯೋಗದ ಮೇಲಿದೆ. ಫಲಕವನ್ನು ದಿನಾ ಸಂಜೆ ತಿದ್ದುವ ಶಾಲೆ ಹಾಕುವುದೂ ಗಾಳಿಯನ್ನೇ ಅಲ್ಲವೇ? ಹೆಚ್ಚು ಮಂದಿ ಗಮನಿಸದಿರುವುದು ಪ್ರಯೋಗದ ಕೊನೆಯ ಭಾಗವನ್ನು. ಶಿಬಿರಕ್ಕೆ ನೀರು ನಿಂತಾಗ ಇಬ್ಬರೂ ಸೇರಿ ತೊಂದರೆ ಎಲ್ಲಿದೆ ಎಂದು ಹುಡುಕಿದರು. ಊಟ ತರಬೇಕಿದ್ದ ಲಾರಿ "ಕೆಟ್ಟು" ನಿಂತಾಗ, ಹಗ್ಗ ಜಗ್ಗಾಟದಲ್ಲಿ ಒಬ್ಬರನ್ನೊಬ್ಬರು ಎಳೆದಾಡಿದ್ದ ಹಗ್ಗವನ್ನೇ ಕಟ್ಟಿ ಎರಡೂ ಗುಂಪಿನವರು ಒಟ್ಟಿಗೆ ಎಳೆದರು. ಹಗೆ ಇಳಿದದ್ದು ಇಂಥ ಕೆಲಸಗಳಿಂದ.

ಆದ್ದರಿಂದ ಪೈಪೋಟಿ ಮೈದಾನದಲ್ಲಿ ಇರಲಿ, ಬೇಕಾದಷ್ಟು ಇರಲಿ. ಸೋತವರು ಗೆದ್ದವರ ಕೈಕುಲುಕುವುದನ್ನು ಅಲ್ಲೇ ಕಲಿಯಲಿ. ಅಭಿಯಾನದಲ್ಲಿ ತರಗತಿಗಳಿಗೆ ಅಂಕದ ಬದಲು ಕೆಲಸ ಹಂಚಿ. ಒಂದು ತರಗತಿ ಸಂಗ್ರಹಿಸಲಿ, ಒಂದು ಬೇರ್ಪಡಿಸಿ ಒಗೆದು ಮಡಿಸಲಿ, ಇನ್ನೊಂದು ಸಾಗಿಸಿ ಲೆಕ್ಕ ಬರೆಯಲಿ. ಪರ ಪಕ್ಷದವರು ಮೆಚ್ಚಿದ ಪಟ್ಟಿ ಬರೆಯುವ ಹುಡುಗಿಗೂ ಬಾಗಿಲು ತಟ್ಟುವ ಹುಡುಗನಿಗೂ ಇಲ್ಲಿ ಕೈತುಂಬ ಕೆಲಸವಿದೆ. ಕಡ್ಡಾಯವೂ ಬೇಕಿಲ್ಲ, ಕೊಟ್ಟವರ ಹೆಸರಿನ ಪಟ್ಟಿಯಂತೂ ಬೇಡವೇ ಬೇಡ. ಹೀಗೆ ಮಾಡಿದರೆ ಒಟ್ಟು ಮೊತ್ತ ಇಳಿಯಬಹುದು. ಇಳಿಯುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಶುರು ಮಾಡುವ ಮೊದಲು ವಸ್ತುಗಳು ಹೋಗಬೇಕಾದ ಕಡೆಗೆ ಒಂದು ಫೋನ್ ಮಾಡಿ, ಏನು ಬೇಕು, ಎಷ್ಟು ಬೇಕು ಎಂದು ಕೇಳಿಕೊಂಡರೆ ಆ ಇಳಿಕೆಯಲ್ಲಿ ಎಷ್ಟು ಪಾಲು ಬೇಡದ ಸಾಮಾನು ಎಂಬುದು ಗೊತ್ತಾಗುತ್ತದೆ. ಅವರಿಗೆ ಇಪ್ಪತ್ತು ಸ್ವೆಟರ್ ಸಾಕಾಗಿದ್ದರೆ ಇಪ್ಪತ್ತೊಂದನೆಯದಕ್ಕಾಗಿ ಯಾರೂ ಬೀದಿ ಅಲೆಯಬೇಕಿಲ್ಲ. ಮಿಕ್ಕ ಹೊತ್ತಿನಲ್ಲಿ ಮಕ್ಕಳು ಓದಿಕೊಳ್ಳಲಿ, ಪರೀಕ್ಷೆಯೂ ಆ ದಿನಗಳಲ್ಲೇ ಇರುತ್ತದೆ.