ನೋಡಿಕೊಳ್ಳುವವರ ಕೈಗೆ ದುಡ್ಡು ಕೊಡಬೇಕೇ?

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ಕೈಕಾಲಿನ ಹಿಡಿತ ತಪ್ಪಿಸುವ ನಾಲ್ಕು ಕಾಯಿಲೆಗಳಲ್ಲಿ ಒಂದು ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆ ಕೊಡುತ್ತೇವೆ ಎಂದು ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಈ ಭತ್ಯೆಯನ್ನು ಇನ್ನೂ ಹೆಚ್ಚಿಸಬೇಕೇ? ಅಥವಾ ಆ ಹಣಕ್ಕೆ ಬೇರೆ ದಾರಿ ನೋಡಬೇಕೇ?

ಪರ: ಏಜೆನ್ಸಿಯವರಿಗೆ ಸಂಬಳ, ಅತ್ತಿಗೆಗೆ ಪುಣ್ಯ

ಅಪ್ಪನಿಗೆ ಪಾರ್ಕಿನ್ಸನ್ಸ್ ಬಂದು ಒಂಬತ್ತು ವರ್ಷ. ನೋಡಿಕೊಳ್ಳುವುದು ಅತ್ತಿಗೆ. ನಾನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಸೇಬು ಹಿಡಿದುಕೊಂಡು ಹೋಗುವ ಮಗ.

ಒಂದು ರಾತ್ರಿ ಅತ್ತಿಗೆಯ ಬದಲು ನಾನು ಅಪ್ಪನ ಪಕ್ಕ ಮಲಗಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ನೀರನ್ನೂ ಸ್ಪೂನಿನಲ್ಲೇ ಕುಡಿಸಬೇಕು, ಆತುರಪಟ್ಟರೆ ನೆತ್ತಿಗೇರುತ್ತದೆ. ಬೆಳಗಿನ ಮಾತ್ರೆ ಅರ್ಧ ಗಂಟೆ ತಡ ಮಾಡಿದೆ. ಅಪ್ಪ ಬಚ್ಚಲಿನ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಟ್ಟರು. ಹಿಡಿದುಕೊಳ್ಳಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಈ ಕೆಲಸಕ್ಕೆ ಏಜೆನ್ಸಿಯವರನ್ನು ಕರೆದರೆ ಸಂಬಳ ಕೊಡುತ್ತೇವೆ. ಅತ್ತಿಗೆ ಮಾಡಿದರೆ, ನೋಡಲು ಬಂದವರೆಲ್ಲ ಕಾಫಿ ಕುಡಿದು "ನಿನಗೆ ಪುಣ್ಯ ಬರುತ್ತಮ್ಮ" ಎಂದು ಹೇಳಿ ಹೋಗುತ್ತಾರೆ.

ಮೊದಲು ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಬಿಟ್ಟರು. ಸಂಬಳದ ಜೊತೆ ಪಿಎಫ್, ಇಎಸ್‌ಐ ಕೂಡ ಹೋಯಿತು. ಪಿಂಚಣಿ ಬರುವುದು ಅಪ್ಪನ ಹೆಸರಿಗೆ, ಅದು ಮಾತ್ರೆ-ಡೈಪರ್‌ಗೇ ಸಾಲದು. ಗೃಹಲಕ್ಷ್ಮಿಯ 2,000 ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಅಮ್ಮನ ಖಾತೆಗೆ. ಶಕ್ತಿ ಯೋಜನೆಯ ಬಸ್ಸು ಫ್ರೀ, ಸರಿ. ಹತ್ತಿ ಹೋಗುವುದಾದರೂ ಎಲ್ಲಿಗೆ?

"ಅವಳು ಹೇಗಿದ್ರೂ ಮನೇಲೇ ಇರ್ತಾಳಲ್ಲ" ಅನ್ನುವುದು ನಮ್ಮೂರಿನ ಮಾತಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 1976ರಲ್ಲಿ ಆರೈಕೆ ಭತ್ಯೆ ಶುರುವಾದಾಗ ಗಂಡನ ಜೊತೆ ಸಂಸಾರ ಮಾಡುವ ಹೆಂಗಸರನ್ನು ಹೊರಗಿಟ್ಟಿದ್ದರು. ಕಾರಣ ಇದೇ ಮಾತು. ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಕೇಸು ಹಾಕಿದರು. 1986ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದರು. ನಮ್ಮಲ್ಲಿ ಕೋರ್ಟಿಗೆ ಹೋಗಬೇಕಿಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಆರೈಕೆ ಭತ್ಯೆಯ ಮಾತಿದೆ. ಕೇರಳ ಆಶ್ವಾಸಕಿರಣಂ ಹೆಸರಿನಲ್ಲಿ ತಿಂಗಳಿಗೆ 600 ರೂಪಾಯಿ ಇಟ್ಟಿದೆ. ನಮ್ಮ ಸಾವಿರ ಅದಕ್ಕಿಂತ ಜಾಸ್ತಿ ಎಂದು ಬೀಗುವ ಹಾಗೂ ಇಲ್ಲ, ದಿನಕ್ಕೆ 33 ರೂಪಾಯಿ ಚಿಲ್ಲರೆ ಆಯಿತು ಅಷ್ಟೇ. ಇನ್ನು ಆ ನಾಲ್ಕೇ ಕಾಯಿಲೆ ಏಕೆ? ಲಕ್ವ ಹೊಡೆದು ಮಲಗಿದವರ ಮನೆಯಲ್ಲಿ ರಾತ್ರಿ ಯಾರಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರಾ?

ಪಟ್ಟಿ ದೊಡ್ಡದಾಗಲಿ, ಮೊತ್ತವೂ ಏರಲಿ. ಹಣ ನೇರವಾಗಿ ನೋಡಿಕೊಳ್ಳುವವರ ಖಾತೆಗೇ ಬೀಳಲಿ. ಅಣ್ಣನ ಖಾತೆಗಲ್ಲ, ನನ್ನದಕ್ಕಂತೂ ಅಲ್ಲವೇ ಅಲ್ಲ.

ವಿರೋಧ: ನಾನು ಕೇಳುವುದು ನಾಲ್ಕು ಗಂಟೆ

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ. ಎತ್ತಿ ಕೂರಿಸುವುದು, ಎತ್ತಿ ಮಲಗಿಸುವುದು ನಾನೇ. ಭತ್ಯೆ ಬೇಡ ಅನ್ನುವವಳು ಹೊಟ್ಟೆ ತುಂಬಿದವಳು ಎಂದುಕೊಳ್ಳಬೇಡಿ.

ಹೋದ ವರ್ಷ ದವಡೆ ಹಲ್ಲು ನೋವು ಬಂತು. ಡಾಕ್ಟರು ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ, ಮೂರು ಸಲ ಬರಬೇಕು ಅಂದರು. ಮೂರು ಸಲ ಮಗಳನ್ನು ಯಾರ ಹತ್ತಿರ ಬಿಡಲಿ? ಅವತ್ತು ಪಕ್ಕದ ಮನೆಯವರನ್ನು ಕೂರಿಸಿ ಬಂದಿದ್ದೆ, ಅವರಿಗೂ ಹಾಲು ಕರೆಯುವ ಹೊತ್ತಾಗಿತ್ತು. ಕಿತ್ತುಬಿಡಿ ಅಂದೆ. ಒಂದೇ ಸಲಕ್ಕೆ ಮುಗಿಯಿತು. ಬ್ಯಾಗಿನಲ್ಲಿ ದುಡ್ಡಿತ್ತು, ಇಲ್ಲದಿದ್ದದ್ದು ಮಗಳ ಹತ್ತಿರ ಕೂರುವವರು.

ದುಡ್ಡು ಬಂದರೆ ಇನ್ನೊಂದಾಗುತ್ತದೆ. ಈಗ ಅಪರೂಪಕ್ಕಾದರೂ ನಾದಿನಿ ಬಂದು ಒಂದು ಹೊತ್ತು ಕೂರುತ್ತಾಳೆ. ನಾಳೆ "ನಿನಗೆ ಸಂಬಳ ಬರ್ತದಲ್ಲ" ಅನ್ನುತ್ತಾಳೆ. ಸಾವಿರ ಅಂದರೂ ಸಂಬಳ, ಐದು ಸಾವಿರ ಅಂದರೂ ಸಂಬಳ. ರಜೆ ಮಾತ್ರ ಇಲ್ಲ.

ಬ್ರಿಟನ್ನಿನ ಉದಾಹರಣೆ ಕೊಡುವವರು ಮುಂದಿನ ಕಥೆಯನ್ನೂ ಹೇಳಬೇಕು. ಅಲ್ಲಿ ಆರೈಕೆ ಮಾಡುವವರು ಹೊರಗೆ ದುಡಿದರೆ ಗಳಿಕೆಗೆ ಮಿತಿ ಇದೆ. ಆ ಮಿತಿಗಿಂತ ಒಂದು ಪೌಂಡ್ ಜಾಸ್ತಿ ಬಂದರೂ ಪೂರ್ತಿ ಭತ್ಯೆ ಹೋಗುತ್ತಿತ್ತು. ಗೊತ್ತಿಲ್ಲದೆ ಮಿತಿ ದಾಟಿದವರಿಗೆ ಸಾವಿರಾರು ಪೌಂಡ್ ವಾಪಸ್ ಕಟ್ಟಿ ಎಂದು ನೋಟಿಸ್ ಬಂತು.

ಅಷ್ಟು ದೂರ ಯಾಕೆ, ನಮ್ಮ ದಕ್ಷಿಣ ಕನ್ನಡದಲ್ಲೇ ಕೊಕ್ಕಡ, ಕೊಯಿಲ ಇವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳ ಕಡೆ. ಜನ ಹೋರಾಡಿದ್ದಕ್ಕೆ ಪೀಡಿತರಿಗೆ ಅಲ್ಲಿ ಡೇ ಕೇರ್ ಬಂತು. ಹಗಲಲ್ಲಿ ಮಕ್ಕಳು ಅಲ್ಲಿದ್ದರೆ ಅಮ್ಮಂದಿರಿಗೆ ಬೀಡಿ ಕಟ್ಟಲು, ಕೂಲಿಗೆ ಹೋಗಲು ಕೈ ಬಿಡುವಾಗುತ್ತದೆ. ನನ್ನ ಮಗಳು ಎಂಡೋಸಲ್ಫಾನ್ ಪಟ್ಟಿಯಲ್ಲಿಲ್ಲ. ಅವಳ ಕೈಕಾಲಿನ ಸೆಳೆತ ಮಾತ್ರ ಅವರದ್ದರ ಹಾಗೇ ಇದೆ.

ಸುತ್ತಮುತ್ತ ಇಂಥ ಹತ್ತು ಮನೆ ಸಿಗುತ್ತದೆ. ಹತ್ತು ಜನರ ಭತ್ಯೆ ಸೇರಿದರೆ ತಿಂಗಳಿಗೆ 10,000. ಇಬ್ಬರು ಹೆಂಗಸರಿಗೆ ತರಬೇತಿ ಕೊಟ್ಟು ಅರ್ಧ ದಿನಕ್ಕೆ ಇಟ್ಟುಕೊಳ್ಳಬಹುದು. ಮುಚ್ಚಿದ ಶಾಲೆಯ ಕಟ್ಟಡ ಖಾಲಿ ಬಿದ್ದಿದೆ, ಕೀಲಿ ಪಂಚಾಯಿತಿಯಲ್ಲಿದೆ. ಪಂಚಾಯಿತಿ ಅನುದಾನದಲ್ಲಿ ಅಂಗವಿಕಲರಿಗೆಂದು ಶೇಕಡಾ 5 ಇದೆ. ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಪಾಪ, ಅರ್ಜಿ ತುಂಬಿಸುವುದರಲ್ಲೇ ಅವರ ದಿನ ಮುಗಿಯುತ್ತದೆ. ನಮ್ಮಲ್ಲಿ ಆ ಹಣ ಬಂದಾಗೆಲ್ಲ ಗಾಲಿಕುರ್ಚಿ ಹಂಚಿ ಫೋಟೋ ತೆಗೆಸುತ್ತಾರೆ. ಮಗಳಿಗೆ ಎರಡು ಸಿಕ್ಕಿದೆ. ಎರಡರಲ್ಲೂ ಅವಳಿಗೆ ನೆಟ್ಟಗೆ ಕೂರಲು ಆಗುವುದಿಲ್ಲ.

ನನಗೆ ಐವತ್ತೆರಡು. ನಾನು ಸತ್ತ ದಿನವೇ ಭತ್ಯೆಯೂ ನಿಲ್ಲುತ್ತದೆ ಅಲ್ವಾ? ದಿನಾ ನಾಲ್ಕು ಗಂಟೆ ಮಗಳು ಅಂಥ ಒಂದು ಕಡೆ ಕಳೆದಿದ್ದರೆ, ಅವಳಿಗೆ ಅನ್ನ ಯಾವ ಕಡೆಯಿಂದ ತಿನ್ನಿಸಬೇಕು ಎಂದು ನನ್ನನ್ನು ಬಿಟ್ಟು ಇನ್ನಿಬ್ಬರಿಗಾದರೂ ಗೊತ್ತಿರುತ್ತದೆ. ಬಲಗಡೆಯಿಂದ, ಚಮಚ ಕೆಳದುಟಿಗೆ ತಾಗಿಸಿ. ಅವಳು ಬಾಯಿ ಮುಚ್ಚುವ ತನಕ ಕಾಯಬೇಕು.